ನಿಗ್ರಹವೂ ರಕ್ಷಣೆಯೇ

ಮೂತ್ರಪಿಂಡಗಳು ಕೆಟ್ಟ ಮಗನಿಗೆ ತಾಯಿಯು ತನ್ನದೊಂದನ್ನು ಕೊಟ್ಟರೂ, ಮಗನ ದೇಹವು ಆ ದಾನವನ್ನು ಶತ್ರುವೆಂದೆಣಿಸಿ ಮೇಲೆ ಬೀಳುವುದುಂಟು. ವಾತ್ಸಲ್ಯಕ್ಕೆ ಇಂತಹ ಪ್ರತಿಫಲವೇಕೆಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು.

ನಮ್ಮ ದೇಹದ ಕಾವಲು ಕಾಯುವವುಗಳಲ್ಲಿ ಟಿ ಕಣಗಳು ಮುಖ್ಯವಾದುವು. ಇವು ಯಾವ ಜೀವಕೋಶದ ಒಳಹೊಕ್ಕೂ ನೋಡಲಾರವು. ನಮ್ಮ ಗಂಗೊಳ್ಳಿಯ ಬಂದರಿನಲ್ಲಿ ಮೀನು ಕೊಳ್ಳುವವನು ಬುಟ್ಟಿಯಲ್ಲಿಟ್ಟುದನ್ನು ಕಂಡು ದೋಣಿಯೊಳಗಿನದನ್ನು ಊಹಿಸುವಂತೆಯೇ ಇವುಗಳ ಪರೀಕ್ಷೆಯೂ. ಜೀವಕೋಶವು ತನ್ನೊಳಗಿನ ಪ್ರೋಟೀನುಗಳ ತುಣುಕುಗಳನ್ನು, ಎಂದರೆ ಪೆಪ್ಟೈಡುಗಳನ್ನು, ಎಚ್‌ಎಲ್‌ಎ ಎಂಬ ಅಣುವಿನ ಬುಟ್ಟಿಯಲ್ಲಿಟ್ಟು ಹೊರಮೈಯಲ್ಲಿ ತೋರಿಸುವುದು. ಟಿ ಕಣವು ಬುಟ್ಟಿಯನ್ನೂ ತುಣುಕನ್ನೂ ಕೂಡಿಸಿಯೇ ಗುರುತಿಸುವುದು. ಇದನ್ನು 1974ರಲ್ಲಿ ಕಂಡುಹಿಡಿದ ಜಿಂಕರ್ನಾಗೆಲ್, ಡೊಹರ್ಟಿ ಎಂಬ ವಿದ್ವಾಂಸರಿಗೆ 1996ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಬುಟ್ಟಿಯ ಹೆಣಿಗೆಯು ಎಲ್ಲರಲ್ಲಿಯೂ ಒಂದೇ ಅಲ್ಲ. ಅರ್ಧವು ತಂದೆಯಿಂದಲೂ ಅರ್ಧವು ತಾಯಿಯಿಂದಲೂ ಬರುವುದು. ತಾಯಿಯಲ್ಲಿರುವ ಇನ್ನರ್ಧವನ್ನು ಮಗನು ಪಡೆದಿಲ್ಲವಷ್ಟೆ. ಅವನ ಟಿ ಕಣಗಳಿಗೆ ಅದು ಪರಕೀಯವೆಂದು ತೋರುವುದು. ಒಡಹುಟ್ಟಿದವರಲ್ಲಿ ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲೊಂದು ಪಾಲು.

ಎಲ್ಲ ಕಾವಲುಗಾರರೂ ಹೊಡೆಯುವವರೇ ಆದರೆ ಮನೆಯೇ ಉಳಿಯದು. ಆದುದರಿಂದ ಟಿ ಕಣಗಳಲ್ಲಿಯೇ ನಿಗ್ರಹಿಸುವ ಪಂಗಡವೊಂದುಂಟು. ನಿಗ್ರಹವೆಂದರೆ ದಂಡನೆ ಮಾತ್ರವೇ ಅಲ್ಲ, ಹಿಡಿದು ನಿಲ್ಲಿಸುವುದೆಂದೂ ಅರ್ಥವಿದೆ. ಈ ಕಣಗಳೂ ಬುಟ್ಟಿಯನ್ನೂ ತುಣುಕನ್ನೂ ಕೂಡಿಯೇ ನೋಡುವುವು. ಹೆಚ್ಚಾಗಿ ಸ್ವಂತ ದೇಹದ ತುಣುಕುಗಳನ್ನೇ ಗುರುತಿಸುವುವು. ಆದರೆ ಗುರುತಿಸಿದ ಬಳಿಕ ತಾವು ಹೊಡೆಯದೆ, ಹೊಡೆಯಬರುವ ಕಣಗಳನ್ನು ತಡೆಯುವುವು. ಜಪಾನಿನ ಸಕಗುಚಿಯವರು 1995ರಲ್ಲಿ ಇವುಗಳನ್ನು ಬೇರ್ಪಡಿಸಿ ತೋರಿಸಿದರು. ಅಮೆರಿಕದ ಬ್ರಂಕೋ, ರಾಮ್ಸ್‌ಡೆಲ್ ಎಂಬವರು 2001ರಲ್ಲಿ ಫಾಕ್ಸ್‌ಪಿ3 ಎಂಬ ವಂಶವಾಹಿಯನ್ನು ಗುರುತಿಸಿದರು. ಈ ಕಣಗಳಿಗೆ ಅದೇ ಆಧಾರವೆಂದು ಅನಂತರ ತಿಳಿದುಬಂದಿತು. ಅದು ಕೆಟ್ಟು ಹುಟ್ಟಿದ ಗಂಡುಶಿಶುವಿನ ದೇಹವು ತನ್ನ ಕರುಳನ್ನೂ ಚರ್ಮವನ್ನೂ ತಾನೇ ಕೆಡಿಸಿಕೊಳ್ಳುವುದು. ಈ ಮೂವರಿಗೆ 2025ರ ನೊಬೆಲ್ ಪಾರಿತೋಷಕವು ಸಂದಿತು.

ದಾನಿಯ ಬುಟ್ಟಿಯನ್ನೇ ಗುರುತಿಸಿ ಸಮಾಧಾನ ಮಾಡುವ ನಿಗ್ರಹಕಣಗಳನ್ನು ಬೆಳೆಸಿ ಕೊಡಬಹುದೇ ಎಂಬ ಪ್ರಯೋಗಗಳು ನಡೆಯುತ್ತಿವೆ. ಅವು ಕೈಗೂಡುವವರೆಗೆ ಆ ಕೆಲಸವನ್ನು ಗುಳಿಗೆಗಳೇ ಮಾಡಬೇಕು. ದೇಹವು ಚೆನ್ನಾಗಿದೆಯೆಂದು ವೈದ್ಯರನ್ನು ಕೇಳದೆ ಅವುಗಳನ್ನು ಬಿಡತಕ್ಕದ್ದಲ್ಲ. ಬಿಟ್ಟರೆ ತಾಯಿಯ ದಾನವೇ ವ್ಯರ್ಥವಾದೀತು.