ಚುರುಕು ಹುಟ್ಟಿನಿಂದಲೇ ಬರುತ್ತದೆಯೇ?



ನಮ್ಮ ಶಾಲೆಯಲ್ಲಿ ಖೋ ಖೋ ತಂಡ ಆರಿಸುವಾಗ ಪ್ರತಿ ವರ್ಷವೂ ಒಂದೇ ಮಾತು ಕೇಳುತ್ತೇವೆ. “ಅವನು ಚುರುಕು, ಹಾಕ್ಕೊಳ್ಳಿ. ಇವನು ಮಬ್ಬು, ಬಿಡಿ.” ಅಷ್ಟೇ! ಹನ್ನೆರಡು ಜನ ಮೈದಾನದೊಳಗೆ, ಉಳಿದವರೆಲ್ಲ ಚಪ್ಪಾಳೆ ತಟ್ಟೋಕೆ. ಐದನೇ ತರಗತಿಯಲ್ಲಿ ಮಬ್ಬು ಅನ್ನಿಸಿಕೊಂಡವನು ಹತ್ತನೇ ತರಗತಿ ಮುಗಿಸಿ ಹೋಗುವವರೆಗೂ ಮಬ್ಬನೇ. ಹುಡುಗಿಯರ ತಂಡದ ಕತೆಯೂ ಇದೇ. ಚುರುಕು ಹುಟ್ಟಿನಿಂದ ಬರುವುದು, ಕಲಿಸಿದರೆ ಬರುವುದಿಲ್ಲ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಈ ನಂಬಿಕೆ ತಪ್ಪು ಎಂಬುದು ನನ್ನ ಅಭಿಪ್ರಾಯ.

ಬೇಕಾದರೆ ಒಂದು ಪರೀಕ್ಷೆ ಮಾಡಿ ನೋಡಿ. 30 ಸೆಂ.ಮೀ. ಸ್ಕೇಲಿನ ಮೇಲ್ತುದಿಯನ್ನು ಗೆಳೆಯ ಹಿಡಿದುಕೊಳ್ಳಲಿ. ಕೆಳಗೆ ಸೊನ್ನೆಯ ಹತ್ತಿರ ನಿಮ್ಮ ಎರಡು ಬೆರಳು ತೆರೆದಿರಲಿ. ಅವನು ಹೇಳದೆ ಕೇಳದೆ ಸ್ಕೇಲು ಬಿಡಬೇಕು, ನೀವು ಗಬಕ್ಕನೆ ಹಿಡೀಬೇಕು. ವಸ್ತು ಕೆಳಗೆ ಬೀಳುವ ಲೆಕ್ಕದ ಪ್ರಕಾರ, 15 ಸೆಂ.ಮೀ.ನಲ್ಲಿ ಹಿಡಿದವನಿಗೆ ಹಿಡಿದ ಸಮಯ ಸುಮಾರು 0.175 ಸೆಕೆಂಡು. 25 ಸೆಂ.ಮೀ.ನಲ್ಲಿ ಹಿಡಿದವನಿಗೆ ಸುಮಾರು 0.225 ಸೆಕೆಂಡು. ಅಂದರೆ ನಾವು ಚುರುಕು, ಮಬ್ಬು ಎಂದು ಬೇರೆ ಮಾಡುವ ಇಬ್ಬರ ನಡುವೆ ಇರುವುದು 0.05 ಸೆಕೆಂಡು! ರೆಪ್ಪೆ ಮಿಟುಕಿಸೋಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹಾಗಾದರೆ ಆಟದಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ ಕಾಣುತ್ತದೆ? ಚೆನ್ನಾಗಿ ಆಡುವವನು ಮುಂಚೆಯೇ ನೋಡಿರುತ್ತಾನೆ, ಅದಕ್ಕೆ. ಖೋ ಖೋದಲ್ಲಿ ಸಾಲಾಗಿ ಕೂತ ಎಂಟು ಜನರನ್ನು ಗಮನಿಸಿ. ಒಬ್ಬ ಈ ಕಡೆ ಮುಖ, ಪಕ್ಕದವನು ಆ ಕಡೆ ಮುಖ. ಒಳ್ಳೆಯ ಆಟಗಾರ ಕೂತಲ್ಲೇ ಓಡುವವನ ಹೆಜ್ಜೆ, ಭುಜ ವಾಲುವ ರೀತಿ ನೋಡುತ್ತಾ ಇರುತ್ತಾನೆ. ಬೆನ್ನಿಗೆ ಖೋ ಬೀಳುವ ಹೊತ್ತಿಗೆ ಯಾವ ಕಡೆ ಹೋಗಬೇಕು ಎಂದು ತೀರ್ಮಾನ ಆಗಿರುತ್ತದೆ. ಎದ್ದ ಮೇಲೆ ಯೋಚನೆ ಮಾಡುವವನು ಎಷ್ಟು ಜೋರಾಗಿ ಓಡಿದರೂ ತಡವೇ. ಕ್ರಿಕೆಟ್ಟಿನಲ್ಲೂ ಹಾಗೆಯೇ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟ್ಸ್‌ಮನ್ ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಪಳಗಿದವರು ಬೌಲರನ ಮಣಿಕಟ್ಟು ನೋಡಿಯೇ ಅರ್ಧ ಅಂದಾಜು ಮಾಡಿಬಿಡುತ್ತಾರೆ.

ಇದಕ್ಕೆ ದುಡ್ಡಿನ ಸಾಮಾನು ಬೇಕೇ? ಬೇಡ. ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ ಹುಡುಗನಾಗಿದ್ದಾಗ ಬೌರಲ್ ಎಂಬ ಊರಿನ ತನ್ನ ಮನೆಯಲ್ಲಿ, ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅದು ಎತ್ತೆತ್ತಲೋ ಪುಟಿದು ಬಂದಾಗ ಒಂದು ಸ್ಟಂಪಿನಿಂದ ಹೊಡೆಯುತ್ತಿದ್ದನಂತೆ. ಬ್ಯಾಟೂ ಅಲ್ಲ, ಬರೀ ಸ್ಟಂಪು! ಮುಂದೆ ಅವರ ಟೆಸ್ಟ್ ಸರಾಸರಿ 99.94. ಗೋಡೆ ನಮ್ಮ ಶಾಲೆಗೂ ಇದೆ, ರಬ್ಬರ್ ಚೆಂಡೂ ಇದೆ.

ಇನ್ನು ಮನಸ್ಸಿನ ವಿಷಯ. ಬೇಗ ಏಳುವುದು ಮಾತ್ರ ಚುರುಕಲ್ಲ, ತಡೆದು ಕೂರುವುದೂ ಚುರುಕೇ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅದೇ ಬೋಲ್ಟ್ 2011ರಲ್ಲಿ ದಕ್ಷಿಣ ಕೊರಿಯಾದ ಡೇಗು ಊರಿನ ಫೈನಲ್ಲಿನಲ್ಲಿ ಗುಂಡಿನ ಸದ್ದಿಗೆ ಮುಂಚೆಯೇ ಹೊರಟು ಪಂದ್ಯದಿಂದ ಹೊರಬಿದ್ದರು. ಖೋ ಸಿಗುವ ಮೊದಲೇ ಎದ್ದರೆ ನಮಗೂ ಫೌಲ್ ತಾನೆ?

ಇಡೀ ದಿನ ಗಮನ ಇಡೋಕಾಗುತ್ತಾ ಅಂತ ಕೇಳಬಹುದು. ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ 90 ಓವರ್, ಅಂದರೆ 540 ಚೆಂಡು. ಸ್ಲಿಪ್‌ನಲ್ಲಿ ನಿಲ್ಲುವವರು ಬೌಲರ್ ಓಡಿ ಬರುವಾಗ ಮನಸ್ಸನ್ನು ಬಿಗಿ ಮಾಡುತ್ತಾರೆ, ಚೆಂಡು ಮುಗಿದ ಮೇಲೆ ಸಡಿಲ ಬಿಡುತ್ತಾರೆ. ಹೀಗೆ ಬಿಗಿ, ಸಡಿಲ ಮಾಡುವುದನ್ನೇ ಅಭ್ಯಾಸ ಮಾಡಬೇಕು. ನಮ್ಮ ಕರ್ನಾಟಕದ ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ ಹಿಡಿದ ಕ್ಯಾಚು 210, ಅದರಲ್ಲಿ ಹೆಚ್ಚಿನವು ಸ್ಲಿಪ್‌ನಲ್ಲೇ.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತೇನೋ. ಕೆರೆ-ದಡ ಆಟ ಮತ್ತೇನು? “ಕೆರೆ” ಅಂದರೆ ಒಳಗೆ, “ದಡ” ಅಂದರೆ ಹೊರಗೆ. ಕಿವಿಗೂ ಕಾಲಿಗೂ ಮನಸ್ಸಿಗೂ ಒಟ್ಟಿಗೆ ಪಾಠ. ದೊಡ್ಡವರಾದೆವು ಅಂತ ನಾವು ಅದನ್ನು ಬಿಟ್ಟುಬಿಟ್ಟೆವು.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ಆಟದ ಪೀರಿಯಡ್ಡಿನ ಮೊದಲ 10 ನಿಮಿಷ ಎಲ್ಲರಿಗೂ ಈ ಅಭ್ಯಾಸ ಇರಲಿ. ಒಂದು ದಿನ ಗೋಡೆ ಚೆಂಡು, ಒಂದು ದಿನ ಕೆರೆ-ದಡ. ಇನ್ನೊಂದು ದಿನ ಸಾಲಾಗಿ ಕೂರಿಸಿ “ಕೋಳಿ, ಕೋತಿ, ಕೋಲು” ಅನ್ನುತ್ತಾ ಇದ್ದು ಥಟ್ಟನೆ “ಖೋ” ಅನ್ನಲಿ. ಖೋ ಅಂದಾಗ ಮಾತ್ರ ಏಳಬೇಕು. ಎರಡು ತಿಂಗಳು ಹೀಗೆ ಮಾಡಿ, ಆಮೇಲೆ ತಂಡ ಆರಿಸಿ. ಪರೀಕ್ಷೆ ಹತ್ತಿರ ಬಂತು ಅಂತ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ಗಮನ ಕಲಿತ ಮನಸ್ಸು ಗಣಿತಕ್ಕೂ ಬೇಕಲ್ಲವೇ?

“ಎಲ್ಲರೂ ಬೋಲ್ಟ್ ಆಗ್ತಾರೇನೋ?” ಅಂತ ಕೆಲವರು ನಗಬಹುದು. ಆಗುವುದಿಲ್ಲ. ಕಾಲಿನ ಉದ್ದ, ಮೈಕಟ್ಟು ಎಲ್ಲರಿಗೂ ಒಂದೇ ಅಲ್ಲ. ಆದರೆ ಕಣ್ಣು ಕಲಿಯುತ್ತದೆ, ಮನಸ್ಸೂ ಕಲಿಯುತ್ತದೆ. ಹಾಡ್ತಾ ಹಾಡ್ತಾ ರಾಗ ಅಂತ ಗಾದೆಯೇ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ಫೈನಲ್ಲಿನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದರು. ಆ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕುರುಬೂರೂ ನಮ್ಮಂಥ ಹಳ್ಳಿಯೇ.

ಚಪ್ಪಾಳೆ ತಟ್ಟುವವರ ಸಾಲಿನಲ್ಲಿ ಎಷ್ಟು ಜನ ಒಳ್ಳೆಯ ಆಟಗಾರರು ಕೂತಿದ್ದಾರೋ ಯಾರಿಗೆ ಗೊತ್ತು? ಒಂದು ಸಲ ಎಬ್ಬಿಸಿ ನೋಡೋಣ. ನೀವೇನಂತೀರಿ? ನಿಮ್ಮ ಅಭಿಪ್ರಾಯ ಬರೆದು ಮುಂದಿನ ಸಂಚಿಕೆಗೆ ಕೊಡಿ.