‘ಕುಡುಕ’ ಎನ್ನುವ ಮುನ್ನ ಒಂದು ಮಾತು



ಹೋದ ತಿಂಗಳು ನಮ್ಮ ಶಾಲೆಯ ಗೇಟಿನ ಹತ್ತಿರ ನಮ್ಮ ಹಾಡಿಯ ಒಬ್ಬರು ಕುಡಿದು ಬಿದ್ದಿದ್ದರು. ಕ್ಲಾಸಿನವರೆಲ್ಲ ಕಿಟಕಿ ಹತ್ತಿರ ನಿಂತು ನಕ್ಕರು. “ಹಾಡಿಯವರೇ ಹಂಗೆ ಕಣೋ, ರಕ್ತದಲ್ಲೇ ಬಂದಿರೋದು” ಅಂತ ಒಬ್ಬ ಹೇಳಿದ. ಬಿದ್ದಿದ್ದವರು ನನ್ನ ಚಿಕ್ಕಪ್ಪ. ನಾನು ತಲೆ ಬಗ್ಗಿಸಿ ಕೂತಿದ್ದೆ. ಆವತ್ತು ಕೊಡಲಾಗದ ಉತ್ತರವನ್ನು ಇವತ್ತು ಬರೆಯುತ್ತಿದ್ದೇನೆ.

ಕುಡಿತ ಒಂದು ಜನಾಂಗದ ರಕ್ತದಲ್ಲಿ ಬರುವಂಥದ್ದಲ್ಲ. ತಲೆಮಾರಿನಿಂದ ತಲೆಮಾರಿಗೆ ಬರುವುದು ನೋವು. ಇದಕ್ಕೆ ಕೆನಡಾ ದೇಶವೇ ಸಾಕ್ಷಿ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ವಸತಿಶಾಲೆಗಳಿಗೆ ಹಾಕುತ್ತಿದ್ದರು. ಹೀಗೆ ಹೋದ ಮಕ್ಕಳು ಸುಮಾರು 1,50,000. ತಮ್ಮ ಭಾಷೆ ಆಡಿದರೆ ಏಟು. ಎಷ್ಟೋ ಮಕ್ಕಳು ವಾಪಸ್ ಬರಲೇ ಇಲ್ಲ. ಬಂದವರಿಗೆ ಮಕ್ಕಳನ್ನು ಪ್ರೀತಿಯಿಂದ ಸಾಕುವುದು ಹೇಗೆ ಅನ್ನೋದೇ ಗೊತ್ತಿರಲಿಲ್ಲ. ನೋವು ಮರೆಯಲು ಕುಡಿದರು. ಅವರ ಮಕ್ಕಳು ಅದನ್ನೇ ನೋಡಿ ಬೆಳೆದರು. 2008ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಆ ದೇಶದಲ್ಲಿ ಅಲ್ಕಲಿ ಲೇಕ್ ಎಂಬ ಊರಿದೆ. ಒಂದು ಕಾಲಕ್ಕೆ ಆ ಊರಿಗೆ ಊರೇ ಕುಡಿಯುತ್ತಿತ್ತು. 1972ರಲ್ಲಿ ಏಳು ವರ್ಷದ ಒಬ್ಬ ಹುಡುಗಿ “ನೀವು ಕುಡೀತೀರಿ, ನಾನು ಮನೆಗೆ ಬರಲ್ಲ” ಅಂತ ಅಜ್ಜಿ ಮನೆಯಲ್ಲೇ ಉಳಿದುಬಿಟ್ಟಳು. ಆಕೆಯ ತಾಯಿ ಫಿಲಿಸ್ ಚೆಲ್ಸಿ ಆವತ್ತೇ ಕುಡಿತ ಬಿಟ್ಟರು. ಕೆಲವೇ ದಿನಗಳಲ್ಲಿ ತಂದೆ ಆಂಡಿಯೂ ಬಿಟ್ಟರು. ಮೊದಮೊದಲು ಅವರ ಜೊತೆ ಬಂದವರು ತೀರಾ ಕಡಿಮೆ. ಆದರೆ ಆಂಡಿ ಊರಿನ ಮುಖ್ಯಸ್ಥರಾದರು. ಯಾರಾದರೂ ಚಿಕಿತ್ಸೆಗೆ ಹೋದರೆ ಊರಿನವರೇ ಅವರ ಮಕ್ಕಳನ್ನು ನೋಡಿಕೊಂಡರು, ಮನೆ ರಿಪೇರಿ ಮಾಡಿಟ್ಟರು. ಹಳೆಯ ಡೋಲು, ಹಾಡು, ಭಾಷೆ ಮತ್ತೆ ಕಲಿತರು. ಹದಿನೈದು ವರ್ಷದೊಳಗೆ ಊರಿನ ಬಹುಪಾಲು ಜನ ಕುಡಿತ ಬಿಟ್ಟಿದ್ದರು.

ಈಗ ನಮ್ಮ ಹಾಡಿಗೆ ಬರೋಣ. ನಾವು ಜೇನುಕುರುಬರು. ನಮ್ಮಜ್ಜಿ ಹುಟ್ಟಿದ್ದು ನಾಗರಹೊಳೆ ಕಾಡಿನಲ್ಲಿ. ಹೊರಗೆ ಬಂದಾಗ ಜೇನು, ಗೆಣಸು, ದೇವರ ಜಾಗ ಎಲ್ಲಾ ಅಲ್ಲೇ ಉಳೀತು. ಆಮೇಲೆ ಇದ್ದದ್ದು ತೋಟದ ಕೂಲಿ, ಸಂಜೆಗೆ ಸಾರಾಯಿ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯಿತು. ಆದರೆ ಕುಡಿತ ನಿಲ್ಲಲಿಲ್ಲ, ಅಂಗಡಿ ಬದಲಾಯಿತು ಅಷ್ಟೆ. ಒಳಗಿನ ಗಾಯ ಹಂಗೇ ಇದ್ದರೆ ನಿಷೇಧ ಒಂದರಿಂದ ಏನಾಗುತ್ತೆ?

ಕುಡಿಯುವುದು ಸರಿ ಅಂತ ನಾನು ಹೇಳುತ್ತಿಲ್ಲ. ಚಿಕ್ಕಪ್ಪ ಕುಡಿದ ರಾತ್ರಿ ಚಿಕ್ಕಮ್ಮ ಮಕ್ಕಳನ್ನು ಕರ್ಕೊಂಡು ನಮ್ಮನೆಗೆ ಓಡಿ ಬರ್ತಾರೆ. ಆ ಭಯ ನನಗೆ ಗೊತ್ತು. ಆದರೆ ನಕ್ಕರೆ ಯಾರೂ ಕುಡಿತ ಬಿಡುವುದಿಲ್ಲ. ನಾಚಿಕೆಯಿಂದ ಇನ್ನೊಂದು ಲೋಟ ಜಾಸ್ತಿ ಕುಡಿಯುತ್ತಾರೆ.

ಗುರುಗಳಲ್ಲಿ ಒಂದು ವಿನಂತಿ. ತಿಂಗಳಿಗೊಮ್ಮೆಯಾದರೂ ಹಾಡಿಯ ಹಿರಿಯರನ್ನು ಶಾಲೆಗೆ ಕರೆಸಿ. ಜೇನು ಕೀಳುವುದು, ಗಿಡಮೂಲಿಕೆ, ನಮ್ಮ ಹಾಡು ಇವನ್ನು ಎಲ್ಲರಿಗೂ ಹೇಳಿಕೊಡಲಿ. ತಮಗೆ ಗೊತ್ತಿರುವುದಕ್ಕೆ ಬೆಲೆ ಇದೆ ಅಂತ ಅವರಿಗೆ ಅನ್ನಿಸಬೇಕು. ನಮಗೂ ಅನ್ನಿಸಬೇಕು.

ಗೆಳೆಯರೇ, ಚಿಕ್ಕಪ್ಪ ಈಗ ಮದ್ಯವರ್ಜನ ಶಿಬಿರದಲ್ಲಿದ್ದಾರೆ. ಮುಂದಿನ ವಾರ ಬರುತ್ತಾರೆ. ಅದೇ ಗೇಟಿನ ಮುಂದೆಯೇ ನಡೆದು ಹೋಗಬೇಕು. ಆವತ್ತು ಕಿಟಕಿಯಲ್ಲಿ ನಿಂತು ನೋಡಬೇಡಿ. ಹೊರಗೆ ಬಂದು “ಚೆನ್ನಾಗಿದ್ದೀರಾ ಮಾವ?” ಅಂತ ಒಂದು ಮಾತು ಕೇಳಿ. ಅಷ್ಟು ಸಾಕು.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ