ಡ್ರಾಫ್ಟ್‌ನಲ್ಲಿ ಸಿಗದ ಸ್ಟ್ರೈಕರ್: 17ರಿಂದ 21ರ ನಡುವೆ ಕಳೆದುಹೋಗುತ್ತಿರುವ ಭಾರತದ ಫುಟ್ಬಾಲ್

2025ರ ನವೆಂಬರ್ 18ರಂದು ಢಾಕಾದಲ್ಲಿ ಭಾರತದ ಹಿರಿಯರ ಫುಟ್ಬಾಲ್ ತಂಡ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತು. ಹನ್ನೆರಡೇ ದಿನಗಳ ಬಳಿಕ, ನವೆಂಬರ್ 30ರಂದು, ಅಹಮದಾಬಾದ್‌ನ ಇಕೆಎ ಅರೇನಾದಲ್ಲಿ 17 ವರ್ಷದೊಳಗಿನವರ ತಂಡ ಬಲಿಷ್ಠ ಇರಾನ್ ತಂಡವನ್ನು 2-1ರಿಂದ ಮಣಿಸಿ ಏಷ್ಯನ್ ಕಪ್‌ಗೆ ಅರ್ಹತೆ ಗಿಟ್ಟಿಸಿತು. ಕಿರಿಯರು ಇರಾನ್ ಅನ್ನು ಸೋಲಿಸುತ್ತಾರೆ, ಹಿರಿಯರು ಬಾಂಗ್ಲಾದೇಶಕ್ಕೆ ಸೋಲುತ್ತಾರೆ. ಹಾಗಿದ್ದರೆ ಈ ಎರಡು ತಂಡಗಳ ನಡುವಿನ ವರ್ಷಗಳಲ್ಲಿ ಆಗುತ್ತಿರುವುದೇನು?

ಭಾರತದ ಫುಟ್ಬಾಲ್ ಕ್ಲಬ್‌ಗಳು ಪ್ರತಿ ಋತುವಿಗೂ ಮುನ್ನ ಚರ್ಚಿಸುವುದು ಬೇರೆಯದೇ ಪ್ರಶ್ನೆಯನ್ನು. ಯಾರನ್ನು ಆರಿಸಬೇಕು? ಹೆಸರು ಮಾಡಿದವರನ್ನೋ, ಹೊಸ ಹುಡುಗರನ್ನೋ? ಡಿಫೆಂಡರ್ ಮೊದಲೋ, ಸ್ಟ್ರೈಕರ್ ಮೊದಲೋ? ಐಪಿಎಲ್ ಹರಾಜು ನೋಡಿ ಬೆಳೆದ ಅಭಿಮಾನಿಗಳಿಗೂ ಈ ಚರ್ಚೆ ಇಷ್ಟ. ಫ್ರಾಂಚೈಸಿ ಮಾದರಿ ಈಗ ರಾಜ್ಯ ಮಟ್ಟಕ್ಕೂ ಇಳಿದಿದೆ. 2024ರ ಮೇ ತಿಂಗಳಲ್ಲಿ ಗುಜರಾತ್ ರಾಜ್ಯ ಫುಟ್ಬಾಲ್ ಸಂಸ್ಥೆ ಇದೇ ಇಕೆಎ ಅರೇನಾದಲ್ಲಿ ಗುಜರಾತ್ ಸೂಪರ್ ಲೀಗ್ ಆರಂಭಿಸಿತು. ಅಹಮದಾಬಾದ್, ವಡೋದರಾ, ಸೂರತ್ ಹೆಸರಿನ ತಂಡಗಳೂ ಸೇರಿ ಒಟ್ಟು 6 ಫ್ರಾಂಚೈಸಿಗಳು ಕಣಕ್ಕಿಳಿದವು. ಫುಟ್ಬಾಲ್‌ಗೆ ಅಷ್ಟೇನೂ ಹೆಸರಾಗದ ರಾಜ್ಯದಲ್ಲಿ ಇದು ಒಳ್ಳೆಯ ಹೆಜ್ಜೆಯೇ. ಆದರೆ ಆ ಮೊದಲ ಆವೃತ್ತಿ ಎರಡು ವಾರದೊಳಗೆ ಮುಗಿಯಿತು. ಉಳಿದ 50 ವಾರ ಆ ಹುಡುಗರು ಎಲ್ಲಿ ಆಡಬೇಕು ಎಂಬುದೇ ನಿಜವಾದ ಪ್ರಶ್ನೆ.

ಹಂಚುವ ವ್ಯವಸ್ಥೆ, ಬೆಳೆಸುವ ವ್ಯವಸ್ಥೆ

ಡ್ರಾಫ್ಟ್ ಎಂಬುದು ಅಮೆರಿಕದ ಕ್ರೀಡಾಲೋಕದಿಂದ ಬಂದ ಪದ್ಧತಿ. ಅಲ್ಲಿನ ಎನ್‌ಎಫ್‌ಎಲ್‌ನಲ್ಲಿ ಹಿಂದಿನ ಋತುವಿನಲ್ಲಿ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆಯ ಅವಕಾಶ ಸಿಗುತ್ತದೆ. ಆದರೆ ಅಲ್ಲಿ ಆಟಗಾರರನ್ನು ತಯಾರು ಮಾಡುವುದು ವಿಶ್ವವಿದ್ಯಾಲಯಗಳು. ವರ್ಷಗಟ್ಟಲೆ ಕಾಲೇಜು ಪಂದ್ಯಗಳಲ್ಲಿ ಪಳಗಿದವರನ್ನು ಡ್ರಾಫ್ಟ್ ಹಂಚುತ್ತದೆ, ಅಷ್ಟೇ. ಅಮೆರಿಕದ್ದೇ ಫುಟ್ಬಾಲ್ ಲೀಗ್ ಆದ ಎಂಎಲ್‌ಎಸ್‌ನಲ್ಲಿ ಕ್ಲಬ್‌ಗಳು ಸ್ವಂತ ಅಕಾಡೆಮಿ ಕಟ್ಟಿಕೊಂಡಂತೆಲ್ಲ ಡ್ರಾಫ್ಟ್‌ನ ಮಹತ್ವ ಕುಗ್ಗುತ್ತಾ ಬಂತು. ಯುರೋಪಿನ ಫುಟ್ಬಾಲ್‌ನಲ್ಲಂತೂ ಡ್ರಾಫ್ಟ್ ಇಲ್ಲವೇ ಇಲ್ಲ.

ನಮ್ಮ ಕ್ರಿಕೆಟ್‌ನಲ್ಲೂ ಇದೇ ಕಥೆ. 2024ರ ನವೆಂಬರ್‌ನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಯನ್ನು ರಾಜಸ್ಥಾನ್ ರಾಯಲ್ಸ್ 1.10 ಕೋಟಿ ರೂಪಾಯಿಗೆ ಖರೀದಿಸಿದಾಗ ದೇಶವೇ ಬೆರಗಾಯಿತು. ಆದರೆ ಆ ಹರಾಜಿಗೂ ಮುನ್ನವೇ ಆತ ಬಿಹಾರದ ಪರ ರಣಜಿ ಆಡಿದ್ದ. ಅಂದರೆ ಹರಾಜಿನ ಕೆಳಗೆ ಒಂದು ಏಣಿ ಇತ್ತು. ಫುಟ್ಬಾಲ್‌ನಲ್ಲಿ ಮೇಲಿನ ಮೆಟ್ಟಿಲು ಹೊಳೆಯುತ್ತಿದೆ, ನಡುವಿನವು ಮುರಿದಿವೆ.

ಬೆಂಗಳೂರು ಎಫ್‌ಸಿ ಹಿಡಿದ ಎರಡು ದಾರಿ

ಈ ಮಾತನ್ನು ಪರೀಕ್ಷಿಸಲು ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿ, ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಕ್ಲಬ್ ಇದು. 2017ರಲ್ಲಿ ಐಎಸ್‌ಎಲ್‌ಗೆ ಕಾಲಿಟ್ಟಾಗ ಮುಂಬೈನಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಪಾಲ್ಗೊಂಡಿತು. ಸುನಿಲ್ ಚೆಟ್ರಿ, ಉದಾಂತ ಸಿಂಗ್ ಜೊತೆಗೆ ಯುವ ಆಟಗಾರ ನಿಶು ಕುಮಾರ್ ಅವರನ್ನು ಉಳಿಸಿಕೊಂಡ ಕ್ಲಬ್, ಡ್ರಾಫ್ಟ್‌ನಲ್ಲಿ ರಾಹುಲ್ ಭೇಕೆ, ಸುಭಾಶಿಷ್ ಬೋಸ್, ಲೆನ್ನಿ ರೋಡ್ರಿಗಸ್ ಮುಂತಾದವರನ್ನು ಆರಿಸಿತು.

ಆಯ್ಕೆ ಫಲ ಕೊಟ್ಟಿತೇ? ಕೊಟ್ಟಿತು. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ, 117ನೇ ನಿಮಿಷದಲ್ಲಿ ಗೋವಾ ವಿರುದ್ಧ ತಲೆಯಿಂದ ಗೋಲು ಹೊಡೆದು ಬೆಂಗಳೂರಿಗೆ ಐಎಸ್‌ಎಲ್ ಕಿರೀಟ ತಂದವರು ಇದೇ ಭೇಕೆ.

ಆದರೆ ಖರೀದಿಸಿದ ಬಲ ಬಹಳ ದಿನ ನಿಲ್ಲುವುದಿಲ್ಲ. ಸುಭಾಶಿಷ್ ಒಂದೇ ಋತುವಿನ ಬಳಿಕ ಮುಂಬೈ ಸಿಟಿ ಸೇರಿದರು. 2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರನ್ನು 2-1ರಿಂದ ಸೋಲಿಸಿದ ಮೋಹನ್ ಬಗಾನ್ ತಂಡದ ನಾಯಕ ಅವರೇ. ನಿಶು 2020ರಲ್ಲಿ ಕೇರಳ ಬ್ಲಾಸ್ಟರ್ಸ್ ಪಾಲಾದರು. ಬಿಎಫ್‌ಸಿ 2020-21ರಲ್ಲಿ 7ನೇ ಸ್ಥಾನಕ್ಕೆ, 2023-24ರಲ್ಲಿ 10ನೇ ಸ್ಥಾನಕ್ಕೆ ಕುಸಿಯಿತು.

ಎರಡನೇ ದಾರಿಯನ್ನೂ ಇದೇ ಕ್ಲಬ್ ತೋರಿಸಿದೆ. 2022ರಲ್ಲಿ ಗೋವಾದಲ್ಲಿ ನಡೆದ ಮೊದಲ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನಲ್ಲಿ ಬಿಎಫ್‌ಸಿಯ ಕಿರಿಯರು ಚಾಂಪಿಯನ್ನರಾದರು. ಆ ತಂಡದಲ್ಲಿ ಗೋಲು ಬಾರಿಸಿದ ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಕೆಲವೇ ತಿಂಗಳಲ್ಲಿ ಹಿರಿಯರ ಜೊತೆ ಡುರಾಂಡ್ ಕಪ್ ಫೈನಲ್‌ನಲ್ಲೂ ಗೋಲು ಹೊಡೆದು ಟ್ರೋಫಿ ಗೆಲ್ಲಿಸಿದರು. 2022-23ರ ಐಎಸ್‌ಎಲ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಅದಕ್ಕೂ ಹಿಂದಿನ ಋತುವಿನಲ್ಲಿ ಆ ಪ್ರಶಸ್ತಿ ಪಡೆದ ರೋಷನ್ ಸಿಂಗ್ ಕೂಡ ಬಿಎಫ್‌ಸಿಯ ಕಿರಿಯರ ತಂಡದಿಂದ ಮೇಲೆ ಬಂದವರೇ. 2024ರ ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದು ಗೆಲುವು ತಂದ ವಿನಿತ್ ವೆಂಕಟೇಶ್ ಬೆಂಗಳೂರಿನ ಹುಡುಗ, ಕ್ಲಬ್‌ನದೇ ಅಕಾಡೆಮಿಯ ಕೂಸು.

ಡ್ರಾಫ್ಟ್ ಒಂದು ಟ್ರೋಫಿ ತಂದುಕೊಟ್ಟಿತು, ನಿಜ. ಕಿರಿಯರ ತಂಡ ಮಾತ್ರ ವರ್ಷದಿಂದ ವರ್ಷಕ್ಕೆ ಆಟಗಾರರನ್ನು ಕೊಡುತ್ತಾ ಬಂದಿದೆ.

ಗೋಲು ಹೊಡೆಯುವವರು ಯಾರು?

ಇನ್ನು ಯಾವ ಸ್ಥಾನಕ್ಕೆ ಆದ್ಯತೆ ಎಂಬ ಪ್ರಶ್ನೆ. ಐಎಸ್‌ಎಲ್ ಕ್ಲಬ್‌ಗಳು ಆರಂಭದಿಂದಲೂ ಸ್ಟ್ರೈಕರ್ ಮತ್ತು ಸೆಂಟರ್ ಬ್ಯಾಕ್ ಜಾಗಗಳನ್ನು ಹೆಚ್ಚಾಗಿ ವಿದೇಶಿಯರಿಗೆ ಮೀಸಲಿಟ್ಟವು. ಭಾರತೀಯರಿಗೆ ಉಳಿದದ್ದು ಗೋಲ್‌ಕೀಪರ್, ಫುಲ್ ಬ್ಯಾಕ್, ವಿಂಗರ್ ಸ್ಥಾನಗಳು. ಮೈದಾನದಲ್ಲಿ ಕನಿಷ್ಠ 6 ಭಾರತೀಯರು ಇರಬೇಕೆಂಬ ನಿಯಮ 2017ರಲ್ಲಿ, ಕನಿಷ್ಠ 7 ಮಂದಿ ಇರಬೇಕೆಂಬ ನಿಯಮ 2021ರಲ್ಲಿ ಬಂತು. ಸಂಖ್ಯೆ ಹೆಚ್ಚಿತು, ಸ್ಥಾನ ಬದಲಾಗಲಿಲ್ಲ.

ಪರಿಣಾಮ ಕಣ್ಣ ಮುಂದಿದೆ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್ಬಾಲ್‌ಗೆ ವಿದಾಯ ಹೇಳಿದ್ದ ಚೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಿಕೊಳ್ಳಬೇಕಾಯಿತು. 2024-25ರ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ 40 ವರ್ಷದ ಚೆಟ್ರಿಯೇ; ಅವರ ಲೆಕ್ಕ 14 ಗೋಲು. ಅದು ಅವರ ಹೆಗ್ಗಳಿಕೆ, ಜೊತೆಗೆ ಭಾರತೀಯ ಫುಟ್ಬಾಲ್‌ನ ದೌರ್ಬಲ್ಯವೂ ಹೌದು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬೆಳೆದ ಬಿಎಫ್‌ಸಿಯ ರಯಾನ್ ವಿಲಿಯಮ್ಸ್ 2025ರ ನವೆಂಬರ್‌ನಲ್ಲಿ ಭಾರತೀಯ ಪೌರತ್ವ ಪಡೆದಾಗ ಅಭಿಮಾನಿಗಳು ಸಂಭ್ರಮಿಸಿದ್ದೂ ಇದೇ ಕೊರತೆಯಿಂದ.

ನಡುವಿನ ನಾಲ್ಕು ವರ್ಷ

17ರಿಂದ 21ರವರೆಗಿನ ವಯಸ್ಸಿನಲ್ಲಿ ಆಟಗಾರನಿಗೆ ಬೇಕಿರುವುದು ಗಟ್ಟಿ ಎದುರಾಳಿಗಳ ವಿರುದ್ಧ ಆಡುವ ನಿಮಿಷಗಳು. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಬಳಿಕ ಆ ಹುಡುಗರನ್ನೇ ಮುಖ್ಯವಾಗಿಟ್ಟು ಇಂಡಿಯನ್ ಆರೋಸ್ ತಂಡವನ್ನು ಐ-ಲೀಗ್‌ನಲ್ಲಿ ಆಡಿಸಲಾಯಿತು. ವಿದೇಶಿಯರಿಲ್ಲದ ಆ ತಂಡ ಹೆಚ್ಚು ಪಂದ್ಯ ಗೆಲ್ಲಲಿಲ್ಲ. ಆದರೆ ಸುರೇಶ್ ಸಿಂಗ್, ಜೀಕ್ಸನ್ ಸಿಂಗ್, ಅನ್ವರ್ ಅಲಿ ಅಲ್ಲಿ ಆಡಿಯೇ ಹಿರಿಯರ ರಾಷ್ಟ್ರೀಯ ತಂಡದವರೆಗೆ ಬಂದರು. ಸುರೇಶ್ 2019ರಲ್ಲಿ ಬಿಎಫ್‌ಸಿ ಸೇರಿ ಅಲ್ಲಿನ ಮಿಡ್‌ಫೀಲ್ಡ್‌ನ ಆಧಾರವಾದರು. 2022ರಲ್ಲಿ ಆರೋಸ್ ಯೋಜನೆಯನ್ನೇ ನಿಲ್ಲಿಸಲಾಯಿತು.

ಕರ್ನಾಟಕದ ಅನುಭವವೂ ಇದನ್ನೇ ಹೇಳುತ್ತದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದಲ್ಲಿ ಐಎಸ್‌ಎಲ್ ತಾರೆಯರಿರಲಿಲ್ಲ. ಬೆಂಗಳೂರಿನ ಸ್ಥಳೀಯ ಲೀಗ್‌ನಲ್ಲಿ ಪಳಗಿದವರೇ ತಂಡದ ಬಲವಾಗಿದ್ದರು.

ಕ್ಲಬ್‌ಗಳ ವಾದದಲ್ಲೂ ಹುರುಳಿದೆ

ಎಲ್ಲ ತಪ್ಪನ್ನೂ ಕ್ಲಬ್‌ಗಳ ತಲೆಗೆ ಕಟ್ಟುವಂತಿಲ್ಲ. ಸತತ ನಾಲ್ಕು ಪಂದ್ಯ ಸೋತರೆ ಕೋಚ್ ಕೆಲಸವೇ ಹೋಗುತ್ತದೆ. ಅಂಥವರು 18ರ ಹುಡುಗನನ್ನು ಸ್ಟ್ರೈಕರ್ ಆಗಿ ಇಳಿಸುವ ಧೈರ್ಯ ಮಾಡುವುದು ಕಷ್ಟ. ಐಎಸ್‌ಎಲ್ ಪ್ರಶಸ್ತಿ ತಂದಿದ್ದ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಬಿಎಫ್‌ಸಿ 2021ರ ಜನವರಿಯಲ್ಲಿ ಋತುವಿನ ನಡುವೆ ಕೈಬಿಟ್ಟಿತ್ತು. ಮೇಲಾಗಿ, ತಯಾರಾದ ಆಟಗಾರನನ್ನು ದೊಡ್ಡ ಸಂಬಳದ ಕ್ಲಬ್ ಒಯ್ದರೆ ತರಬೇತಿಯ ಖರ್ಚಿಗೆ ಯಾರು ಹೊಣೆ? ಫಿಫಾ ನಿಯಮದಂತೆ ಅಂತರರಾಷ್ಟ್ರೀಯ ವರ್ಗಾವಣೆ ಶುಲ್ಕದ ಶೇ 5ರಷ್ಟು, ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಒಪ್ಪಂದ ಮುಗಿದು ಶುಲ್ಕವೇ ಇಲ್ಲದೆ ಹೋಗುವ ಆಟಗಾರನಿಂದ ಅಂಥ ಪಾಲು ಸಿಗುವುದಿಲ್ಲ.

2025ರಲ್ಲಿ ಐಎಸ್‌ಎಲ್‌ನ ಭವಿಷ್ಯವೇ ಅತಂತ್ರವಾದಾಗ ಈ ಹೊರೆ ಎದ್ದು ಕಂಡಿತು. ಆ ವರ್ಷದ ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನ ತಡೆಹಿಡಿಯಿತು. ಅದೇ ಪ್ರಕಟಣೆಯಲ್ಲಿ, ಬಾಲಕ-ಬಾಲಕಿಯರ ಯುವ ತಂಡಗಳು ಮತ್ತು ಸಾಕರ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಎಂದೂ ಹೇಳಿತು. ಸಂಬಳ ನಿಂತ ಆಟಗಾರರ ಕಷ್ಟ ಸಣ್ಣದಲ್ಲ. ಆದರೂ ಬಿಕ್ಕಟ್ಟಿನ ಹೊತ್ತಿನಲ್ಲಿ ಕ್ಲಬ್ ಯಾವುದನ್ನು ಉಳಿಸಿಕೊಳ್ಳಲು ನೋಡಿತು ಎಂಬುದು ಗಮನಾರ್ಹ.

ಆದ್ಯತೆ ಬದಲಾಗಬೇಕಿರುವುದು ಎಲ್ಲಿ?

ಮೂರು ಕೆಲಸಗಳು ತುರ್ತಾಗಿ ಆಗಬೇಕು. ಮೊದಲನೆಯದು, ತಂಡದ ಪಟ್ಟಿಯಲ್ಲಿ ಯುವಕರ ಸಂಖ್ಯೆಗೆ ಬದಲು ಮೈದಾನದಲ್ಲಿ ಅವರು ಆಡಿದ ನಿಮಿಷಗಳನ್ನು ಲೆಕ್ಕ ಹಾಕುವ ನಿಯಮ. ಬೆಂಚಿನಲ್ಲಿ ಕೂತ ಹುಡುಗ ಬೆಳೆಯುವುದಿಲ್ಲ. ಎರಡನೆಯದು, ಆರೋಸ್ ಮಾದರಿಯ ತಂಡ ಅಥವಾ ಕ್ಲಬ್‌ಗಳ ಕಿರಿಯರ ತಂಡಗಳಿಗೆ ವರ್ಷಪೂರ್ತಿ ಹಿರಿಯರ ಲೀಗ್‌ನಲ್ಲಿ ಜಾಗ. ಮೂರನೆಯದು, ದೇಶದೊಳಗೆ ಆಟಗಾರ ಕ್ಲಬ್ ಬದಲಿಸಿದಾಗಲೂ ಬೆಳೆಸಿದ ಅಕಾಡೆಮಿಗೆ ತಪ್ಪದೇ ಪರಿಹಾರ. ಆಗ ಬೆಂಗಳೂರಿನ ಅಕಾಡೆಮಿಗಾಗಲಿ, ವಡೋದರಾದ ಸಣ್ಣ ಕ್ಲಬ್‌ಗಾಗಲಿ ಮಕ್ಕಳ ಮೇಲೆ ಹಣ ಹಾಕುವುದು ನಷ್ಟದ ಬಾಬತ್ತಾಗುವುದಿಲ್ಲ.

ಅಹಮದಾಬಾದ್‌ನಲ್ಲಿ ಇರಾನ್ ತಂಡವನ್ನು ಸೋಲಿಸಿದ ಹುಡುಗರಿಗೆ 2029ರ ಹೊತ್ತಿಗೆ ಇಪ್ಪತ್ತರ ಆಸುಪಾಸು. ಅಷ್ಟರಲ್ಲಿ ಅವರು ಹಿರಿಯರ ಮಟ್ಟದ ಎಷ್ಟು ಪಂದ್ಯ ಆಡಿರುತ್ತಾರೆ ಎಂಬುದರ ಮೇಲೆ ಢಾಕಾದಂಥ ಪಂದ್ಯಗಳ ಮುಂದಿನ ಫಲಿತಾಂಶ ನಿಂತಿದೆ.